ಹೊಳ್ಳಿ ಬರುವ ಟ್ರಿಪ್ಪು

ಗಾಳಿಗಂಬದ ಊರು, ಕಪ್ಪತಗುಡ್ಡ
ಬಿಳಿ ವರ್ಷ ಕಳೆದು ಇನ್ನೂರ ಹನ್ನೆರಡನೆಯ ವರ್ಷ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ದಾಕ್ಷಾಯಣಿ ಮುಳಗುಂದ ಅವರಿಗೆ ಬಾಳವ್ವ ರೆಕ್ಕೆಮನಿ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಇದು ಯಾರೋ ತಲೆಕೆಟ್ಟವರ ಕೆಲಸ ಎಂದು ಹಾಳೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದು ಬರೀ ಗಾಳಿಗೆ ಮೀಸಲು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸುತ್ತವೆ, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಮಾತುಗಳೂ ನಮಗೆ ಕಡಿಮೆ ಕಾಟ ಕೊಟ್ಟಿಲ್ಲ ಬಿಡಿ, ಅದನ್ನು ಮುಂದೆ ಹೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೇ ಮೊದಲ ತೊಡಕು. ನೀವು ನನಗಿಂತ ಮುನ್ನೂರು ವರ್ಷ ಹಿರಿಯರು, ನೋಟ್‌ಬುಕ್ ಬರೆಯುವಾಗ ನಿಮಗೆ ಇಪ್ಪತ್ತೊಂಬತ್ತು. ನನಗೀಗ ಅರವತ್ತೊಂದು. ಮುತ್ತಜ್ಜಿ ಎಂದರೆ ನೀವು ನಗುತ್ತೀರಿ, ಮಗಳೇ ಎಂದರೆ ನಮ್ಮೂರಿನವರು ನನ್ನನ್ನು ಬಡಿಯುತ್ತಾರೆ. ಹಾಗಾಗಿ ಅಕ್ಕ ಎನ್ನುತ್ತೇನೆ.

ಅಕ್ಕಾ, ನಾನು ಕೇಳಲು ಬಂದಿರುವುದು ಒಂದೇ ಒಂದು ಸಾಲು. ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಇದೆ. ಅಲ್ಲಿ ನೀವು ಒಂದು ಸಾಲು ಬರೆದರೆ ನನ್ನ ಅವ್ವ ಬದುಕುತ್ತಾಳೆ. ಅದು ಯಾವ ಸಾಲು, ಅದರಿಂದ ಅವಳು ಹೇಗೆ ಬದುಕುತ್ತಾಳೆ ಎಂದು ಹೇಳುವುದಕ್ಕೆ ನಮ್ಮ ಬದುಕಿನ ಪರಿಚಯ ಸ್ವಲ್ಪ ಬೇಕಾಗುತ್ತದೆ. ಪತ್ರ ನಿಮಗೆ ಮುಟ್ಟುವ ಬಗೆ ಇಷ್ಟೇ: ನಮ್ಮ ಗುಡ್ಡದ ಹಳೆಯ ಗಣಿಯಲ್ಲಿ ಒಂದು ಹಿಂಬುಗ್ಗೆ ಇದೆ. ಅದರಲ್ಲಿ ಬಿಟ್ಟ ವಸ್ತು ಹಿಂದಿನ ಕಾಲದಲ್ಲಿ ಮೇಲೆ ಬರುತ್ತದೆ, ಎಷ್ಟು ಆಳಕ್ಕೆ ಬಿಟ್ಟರೆ ಅಷ್ಟು ಹಿಂದಿನ ಕಾಲ. ಅಲ್ಲಿ ಸಿಕ್ಕವರು ನಿಮಗೆ ಮುಟ್ಟಿಸಲಿ ಎಂದು ಮೇಲೆ ನಿಮ್ಮ ಹೆಸರು, ಹುಬ್ಬಳ್ಳಿ ಬಸ್ ಡಿಪೋ ಎಂದು ಬರೆದಿದ್ದೇನೆ. ಎರಡು ಹಾಳೆಗಿಂತ ಹೆಚ್ಚಿನ ಭಾರವನ್ನು ಅದು ಒಪ್ಪುವುದಿಲ್ಲ. ಅದಕ್ಕೇ ಅಕ್ಷರ ಸಣ್ಣವಾಗಿವೆ.

ಬಿಳಿ ವರ್ಷ ಎಂದರೆ ನಿಮ್ಮ ಕಾಲದ ಪರದೆಗಳೆಲ್ಲ ಒಂದೇ ದಿನ ಬೆಳ್ಳಗಾಗಿ, ಅವುಗಳೊಳಗೆ ಇಟ್ಟದ್ದೆಲ್ಲ ಅಳಿಸಿಹೋದ ವರ್ಷ. ಔಷಧಿಯ ಪ್ರಮಾಣ, ಬೀಜದ ಹದ, ಯಂತ್ರದ ರಿಪೇರಿ, ಮಕ್ಕಳ ಹುಟ್ಟಿದ ದಿನ, ಒಂದೂ ಉಳಿಯಲಿಲ್ಲವಂತೆ. ಕಾಗದದ ಮೇಲೆ ಬರೆದಿಡುವ ರೂಢಿ ಅದಕ್ಕೂ ಮೊದಲೇ ತಪ್ಪಿಹೋಗಿತ್ತು. ಆ ಗದ್ದಲದಲ್ಲಿ ಹುಬ್ಬಳ್ಳಿಯಿಂದ ಒಬ್ಬ ಹೆಂಗಸು ಹದಿನೇಳು ಮಕ್ಕಳನ್ನು ಕಟ್ಟಿಕೊಂಡು ನಡೆದು ನಡೆದು ಈ ಗುಡ್ಡಕ್ಕೆ ಬಂದಳು. ಗಾಳಿಯಂತ್ರದ ಕಂಬಗಳ ಹೊಟ್ಟೆಯೊಳಗೆ ಮಕ್ಕಳನ್ನು ಮಲಗಿಸಿದಳು. ನಾವು ಇವತ್ತಿಗೂ ಆ ಕಂಬಗಳ ಬುಡದಲ್ಲೇ ಇದ್ದೇವೆ, ನಾಲ್ಕು ಸಾವಿರ ಜನ. ಅವಳ ಗಂಟಿನಲ್ಲಿ ರೊಟ್ಟಿಯ ಜೊತೆಗೆ ಒಂದು ನೋಟ್‌ಬುಕ್ ಇತ್ತು. ಅವಳ ಅಜ್ಜಿಯ ಅವ್ವನದು. ನಿಮ್ಮದು.

ಅದರ ಮೊದಲ ಪುಟ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ನೀವು ಬಸ್ ಕಂಡಕ್ಟರ್, ಬಡ್ತಿಗೆ ಬೇಕಾದ ಟ್ರಾಫಿಕ್ ಕಂಟ್ರೋಲರ್ ಪರೀಕ್ಷೆ ಎರಡು ಸಲ ಫೇಲ್, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಪುಸ್ತಕ ತೆರೆದರೆ ನಿದ್ದೆ, ಮುಚ್ಚಿದರೆ ಚಿಂತೆ. ದಿನಾ ನಿಮ್ಮ ಬಸ್ಸಿಗೆ ಬರುತ್ತಿದ್ದ ಒಬ್ಬ ಡಾಕ್ಟರಮ್ಮ ಸ್ವಯಂ ಸಂಮೋಹನ ಎಂಬುದನ್ನು ಹೇಳಿಕೊಟ್ಟರು: ಕಣ್ಣನ್ನು ಒಂದು ಬಿಂದುವಿನ ಮೇಲೆ ನಿಲ್ಲಿಸುವುದು, ಉಸಿರು ಉದ್ದ ಮಾಡುವುದು, ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಇಳಿಯುವುದು, ಕೆಳಗೆ ಮುಟ್ಟಿದ ಮೇಲೆ ತನಗೆ ತಾನೇ ಬೇಕಾದ ಮಾತು ಹೇಳಿಕೊಳ್ಳುವುದು. ನೀವು ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಊದಿದ ಕಾಲನ್ನು ಬೆಂಚಿನ ಮೇಲೆ ಚಾಚಿ, ಇಪ್ಪತ್ತು ನಿಮಿಷ ಅದನ್ನು ಮಾಡಿ ನೋಡಿದಿರಿ. ಮೆಟ್ಟಿಲು ಕಣ್ಣಿಗೆ ಕಟ್ಟಲಿಲ್ಲ. ಆಗ ನಿಮಗೆ ಗೊತ್ತಿದ್ದದ್ದನ್ನೇ ಹಿಡಿದಿರಿ. ಡಬಲ್ ಬೆಲ್, ಹುಬ್ಬಳ್ಳಿ ಬಿಟ್ಟಿತು. ಶಿರಗುಪ್ಪಿಗೆ ಹಣೆ ಸಡಿಲ. ನಲವಡಿಗೆ ಹೆಗಲು. ಅಣ್ಣಿಗೇರಿಗೆ ಕೈ. ಹುಲಕೋಟಿಗೆ ಹೊಟ್ಟೆ, ಉಸಿರು. ಬಿಂಕದಕಟ್ಟಿಗೆ ಕಾಲು. ಒಂದೊಂದು ಸ್ಟೇಜಿಗೂ ಸಿಂಗಲ್ ಬೆಲ್, ಒಂದಿಷ್ಟು ಚಿಂತೆಗಳು ಪ್ಯಾಸೆಂಜರ್‌ಗಳಂತೆ ಇಳಿದು ಹೋಗುತ್ತವೆ. ಗದಗ ಮುಟ್ಟುವಾಗ ಬಸ್ಸು ಪೂರ್ತಿ ಖಾಲಿ. ಆ ಖಾಲಿ ಬಸ್ಸಿನ ಐವತ್ತೆರಡು ಸೀಟಿನಲ್ಲಿ ಪರೀಕ್ಷೆಗೆ ಬೇಕಾದ ನಿಯಮಗಳನ್ನು ಒಂದೊಂದಾಗಿ ಕೂರಿಸುವುದು.

ನಾವು ಇದನ್ನು ಇಳಿತ ಎನ್ನುತ್ತೇವೆ. ಏಳು ವರ್ಷ ತುಂಬಿದ ಪ್ರತಿ ಮಗುವಿಗೂ ಇಳಿತ ಕಲಿಸುತ್ತೇವೆ. ಬೆಳಿಗ್ಗೆ ಹೊತ್ತು ಎರಡು ಮಾರು ಏರಿದ ಮೇಲೆ ಕಂಬಗಳ ನೆರಳಲ್ಲಿ ಸಾಲಾಗಿ ಕೂತ ಮಕ್ಕಳ ಮುಂದೆ ಹಿರಿಯಳೊಬ್ಬಳು ಕಂಚಿನ ಬಟ್ಟಲನ್ನು ಎರಡು ಸಲ ಬಡಿದು ರೈಟ್ ಎನ್ನುತ್ತಾಳೆ. ಇನ್ನೂರು ಕಣ್ಣು ಒಟ್ಟಿಗೆ ಮುಚ್ಚುತ್ತವೆ. ಯಾವನಾದರೂ ಅರ್ಧ ಮನಸ್ಸು ಒಳಗೆ ಅರ್ಧ ಹೊರಗೆ ಇಟ್ಟು ಚಡಪಡಿಸಿದರೆ, ಫುಟ್‌ಬೋರ್ಡ್ ಮೇಲೆ ನಿಂತಿದ್ದಾನೆ ಎಂದು ಬೈಸಿಕೊಳ್ಳುತ್ತಾನೆ. ಫುಟ್‌ಬೋರ್ಡ್ ಎಂದರೇನು ಎಂದು ಬೈಯುವವಳಿಗೂ ಗೊತ್ತಿಲ್ಲ. ಒಬ್ಬೊಬ್ಬರು ಹೊತ್ತ ವಿದ್ಯೆಗೆ ಬುತ್ತಿ ಎಂದು ಹೆಸರು. ನನ್ನದು ಮೂಳೆ ಕೂಡಿಸುವ ಬುತ್ತಿ, ಮೂರು ಬಸ್ಸು ತುಂಬ ಇದೆ. ನೀವು ಎಲ್ಲೋ ಮಹಿಳೆಯರಿಗೆ ಮೀಸಲು ಎಂದು ಎಂಟು ಸೀಟುಗಳನ್ನು ಬರೆದಿದ್ದೀರಲ್ಲ, ಅದಕ್ಕೆ ನಮ್ಮ ಸೂಲಗಿತ್ತಿಯರು ಬಾಣಂತಿ ಔಷಧಗಳನ್ನು ಆ ಎಂಟರಲ್ಲೇ ಇಡುತ್ತಾರೆ, ಬೇರೆ ಕಡೆ ಇಟ್ಟರೆ ಗುಣ ಕೆಡುತ್ತದೆಂದು ಜಗಳಕ್ಕೇ ಬರುತ್ತಾರೆ. ಬೇಡ, ನಗಬೇಡಿ.

ನಗುವುದಾದರೆ ನಕ್ಕುಬಿಡಿ, ಆದರೆ ಆಮೇಲೆ ಒಂದು ಕ್ಷಣ ಸುಮ್ಮನೆ ಕೂತು ಯೋಚಿಸಿ. ಹದಿನಾಲ್ಕರ ಹುಡುಗಿಯಾಗಿದ್ದಾಗ ಒಮ್ಮೆ ಕೇಳಿದ್ದನ್ನು ಐವತ್ತನಾಲ್ಕರ ಹೆಂಗಸು ಅಕ್ಷರ ಬಿಡದೆ ಹೇಳುವುದನ್ನು ನಾನು ಕಂಡಿದ್ದೇನೆ. ಹೇಳಿದ ದಿನ ಗಾಳಿ ಎತ್ತ ಬೀಸುತ್ತಿತ್ತು, ಹೇಳಿದವರ ಕೈಗೆ ಯಾವ ಎಣ್ಣೆಯ ವಾಸನೆ ಇತ್ತು ಎಂಬುದೂ ಅದರ ಜೊತೆಗೇ ಬರುತ್ತದೆ. ನೀವು ಸುಸ್ತಾಗಿದ್ದಿರಿ, ನಿಮಗೆ ಒಂದು ಪರೀಕ್ಷೆ ಪಾಸಾಗಬೇಕಿತ್ತು, ಅಷ್ಟೇ. ನಿಮ್ಮ ಆ ಇಪ್ಪತ್ತು ನಿಮಿಷದ ಮೇಲೆ ನಾಲ್ಕು ಸಾವಿರ ಜನ ನೀರು ಕುಡಿಯುತ್ತಿದ್ದೇವೆ, ಹೆರುತ್ತಿದ್ದೇವೆ, ಬಿತ್ತುತ್ತಿದ್ದೇವೆ. ಮನುಷ್ಯನ ತಲೆಯೊಳಗೆ ಇಷ್ಟೊಂದು ಜಾಗ ಇತ್ತೆಂದು, ಅದರ ಬಾಗಿಲನ್ನು ಒಂದು ಊರಿನ ಬಸ್ಸಿನ ದಾರಿ ತೆರೆಯುತ್ತದೆಂದು ಯಾರಿಗೆ ಗೊತ್ತಿತ್ತು ಹೇಳಿ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಬಸ್ಸು ಎಂದರೆ ಏನೆಂದು ನಮ್ಮಲ್ಲಿ ಕಂಡವರಿಲ್ಲ, ಬಿಳಿ ವರ್ಷಕ್ಕೂ ಬಹಳ ಮೊದಲೇ ಅವು ನಿಂತುಹೋಗಿದ್ದವಂತೆ. ಕಿಟಕಿಗಳಿರುವ ದೊಡ್ಡ ತೆಪ್ಪ, ಹೊಳೆಯ ಮೇಲೆ ಹುಬ್ಬಳ್ಳಿಯಿಂದ ಗದಗಿಗೆ ತೇಲಿ ಹೋಗುತ್ತದೆ ಎಂದು ನಮ್ಮ ಹಿರಿಯರು ನಂಬಿದರು. ನೀರು ಇಳಿಜಾರಿಗೆ ಹರಿಯುತ್ತದೆ, ಹರಿದದ್ದು ಹಿಂದಕ್ಕೆ ಬರುವುದಿಲ್ಲ. ನೋಟ್‌ಬುಕ್ಕಿನಲ್ಲೂ ಗದಗ ಮುಟ್ಟಿ ಸೀಟು ತುಂಬಿಸುವವರೆಗೆ ಇದೆ, ಆಮೇಲೆ ಏನೂ ಇಲ್ಲ. ಹಾಗಾಗಿ ಇಳಿದವರು ತಾವಾಗಿ ಮೇಲೆ ಬರಲಾರರು ಎಂಬುದು ಇನ್ನೂರು ವರ್ಷದಿಂದ ನಮಗೆ ಹಗಲಿನಷ್ಟು ಸ್ಪಷ್ಟ. ಅದಕ್ಕೆ ಕೂಗುದನಿ ಎಂಬ ಪದ್ಧತಿ ಮಾಡಿಕೊಂಡೆವು. ಇಳಿಯುವ ಮೊದಲು ಒಬ್ಬರ ಹೆಸರು ಹೇಳಬೇಕು, ಅವರ ದನಿ ಮಾತ್ರ ಒಳಗೆ ಕೇಳಿಸುತ್ತದೆ, ಅವರು ಕೂಗಿದಾಗ ಕಣ್ಣು ಬಿಡುತ್ತೇವೆ. ಗಂಡ ಹೆಂಡತಿಗೆ, ಅಕ್ಕ ತಂಗಿಗೆ ಕೂಗುದನಿ ಆಗುವುದುಂಟು. ಮದುವೆಗಿಂತ ದೊಡ್ಡ ಶಾಸ್ತ್ರ ಅದು. ಕೂಗುದನಿ ಕೈಕೊಟ್ಟರೆ ಐದು ದಿನ ತುಟಿಗೆ ನೀರು ಬಿಡುತ್ತಾ ಕಾಯುತ್ತೇವೆ, ಆಮೇಲೆ ನೀರನ್ನೂ ನಿಲ್ಲಿಸುತ್ತೇವೆ. ಅವರು ಇಳಿದೇ ಹೋದರು ಎನ್ನುತ್ತೇವೆ.

ನನ್ನ ಅವ್ವ ಹನಮವ್ವ ಹಾಗೆ ಹೋದಳು. ಅವಳು ಇಳಿದು ಕೂತಿದ್ದ ಹೊತ್ತಿಗೇ ಅವಳ ಕೂಗುದನಿಯಾಗಿದ್ದ ಅಪ್ಪ ಕಂಬದ ಮೇಲಿನಿಂದ ಬಿದ್ದು ಸತ್ತ. ನನಗೆ ಒಂಬತ್ತು ವರ್ಷ, ಕಂಕುಳಲ್ಲಿ ಎರಡು ವರ್ಷದ ತಂಗಿ ಸಿದ್ದವ್ವ. ಐದು ದಿನ ಅವ್ವಾ ಅವ್ವಾ ಎಂದು ಕೂಗಿ ನನ್ನ ಗಂಟಲು ಒಡೆಯಿತು. ಅವಳ ಕೈ ಬೆಚ್ಚಗಿತ್ತು, ಉಸಿರು ಶಾಂತವಾಗಿತ್ತು, ಮುಖದಲ್ಲಿ ಒಂದು ನೋವಿಲ್ಲ. ಆರನೆಯ ದಿನ ಹಿರಿಯರು ನೀರಿನ ಬಟ್ಟಲು ಎತ್ತಿಕೊಂಡು ಹೋದರು.

ಕಳೆದ ತಿಂಗಳು ಅದೇ ಗತಿ ಸಿದ್ದವ್ವನಿಗೆ ಬಂತು. ಅವಳು ಗಾಳಿಗಂಬದ ಬುತ್ತಿಯವಳು, ಮೊದಲು ಹೇಳಿದ ಐವತ್ತನಾಲ್ಕರ ಹೆಂಗಸು ಅವಳೇ. ನಡುವಿನ ಕಂಬದ ಚಕ್ರ ಮುರಿದು ಬಾವಿಯ ನೀರು ನಿಂತಿತ್ತು. ಅದರ ರಿಪೇರಿ ಹುಡುಕಲು ಅವಳು ಆಳಕ್ಕೆ ಇಳಿಯಬೇಕಾಯಿತು. ಇಳಿಯುವಾಗ ಕೂಗುದನಿಯ ಹೆಸರನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು: ಫಕೀರಪ್ಪ. ಅವಳ ಗಂಡ. ತೀರಿಕೊಂಡು ಆಗ ಇಪ್ಪತ್ತೆರಡು ದಿನ. ನಮ್ಮಲ್ಲಿ ಹದಿಮೂರನೆಯ ದಿನಕ್ಕೇ ದನಿ ಬದಲಿಸುವ ಶಾಸ್ತ್ರ ಇದೆ, ಇವಳು ಇವತ್ತು ನಾಳೆ ಎಂದು ಮುಂದೂಡುತ್ತಲೇ ಇದ್ದಳು. ನಾವೆಲ್ಲ ಬೆಚ್ಚಿ ಏಳುವಷ್ಟರಲ್ಲಿ ಡಬಲ್ ಬೆಲ್ ಆಗಿ ಕಣ್ಣು ಮುಚ್ಚಿಯಾಗಿತ್ತು. ಒಳಗಿನಿಂದ ರಿಪೇರಿಯ ಕ್ರಮವನ್ನೆಲ್ಲ ಒಂದೇ ಸಮನೆ ಹೇಳಿದಳು, ಹುಡುಗರು ಕೇಳಿ ಚಕ್ರ ಸರಿಮಾಡಿದರು, ಊರಿಗೆ ನೀರು ಬಂತು. ಅವಳು ಮಾತ್ರ ಬರಲಿಲ್ಲ.

ನಾನು ಮೂರು ದಿನ ಕೂಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ಸಿಟ್ಟು ನೆತ್ತಿಗೇರಿತು. ನೋಟ್‌ಬುಕ್ಕಿನ ಪೆಟ್ಟಿಗೆ ಕಾಯುವವನು ಅಂದಾನಪ್ಪ ಕಾಕಾ, ಎಂಬತ್ತು ವರ್ಷದ ಮುದುಕ. ಅವನ ಮನೆಗೆ ಹೋಗಿ ಪೆಟ್ಟಿಗೆ ತೆಗೆ ಎಂದೆ. ತೆಗೆದು ಏನು ಮಾಡುತ್ತೀ, ಎಲ್ಲ ನಿನಗೆ ಬಾಯಿಪಾಠ ಇದೆಯಲ್ಲ ಎಂದ. ನಿಜ, ನಾವು ನೆನಪಿನ ಜನ. ನೋಟ್‌ಬುಕ್ ತೆರೆದು ಓದುವುದು ನಮ್ಮಲ್ಲಿ ಅವಮಾನ, ಕೈಲಾಗದವರ ಕೆಲಸ. ಎಪ್ಪತ್ತು ವರ್ಷದಿಂದ ಆ ಪೆಟ್ಟಿಗೆಯ ಬೀಗ ತೆಗೆದಿರಲಿಲ್ಲ. ನಾನು ಹಟ ಹಿಡಿದಾಗ ಅವನು ಸಮಾಧಾನದ ದನಿಯಲ್ಲಿ ಹೇಳಿದ:

"ಐದು ದಿನ ಕಾಯೋದು, ಆಮ್ಯಾಲೆ ಕೈ ಬಿಡೋದು. ಇದು ಮೊದಲಿಂದ ನಡಕೊಂಡು ಬಂದದ್ದವ್ವ."

"ಮೊದಲಿಂದ ಅಂದ್ರ ಯಾವಾಗಿಂದ? ಬರದಾಕಿನ್ನ ಕೇಳೀರೇನು?" ಎಂದೆ.

ಮುದುಕ ಎದ್ದು ಒಳಗೆ ಹೋಗಿ ಬಂದ. ಕೀಲಿಕೈಯನ್ನು ನನ್ನ ಮುಂದೆ ಹಾಕಿ ಮುಖ ಆಚೆ ತಿರುಗಿಸಿದ. ನಾನೇ ಬೀಗ ತೆಗೆದು ನೋಟ್‌ಬುಕ್ ಬಿಡಿಸಿದೆ, ಅಕ್ಕಾ. ನಿಮ್ಮ ಅಕ್ಷರ ಬಲಕ್ಕೆ ವಾಲಿವೆ, ಅವಸರದವು. ಒಂದು ಪುಟದ ಮೇಲೆ ಚಹಾದ ಲೋಟ ಇಟ್ಟ ಉಂಗುರದ ಕಲೆ ಇದೆ. ಬಾಯಿಪಾಠದಲ್ಲಿ ಇದ್ಯಾವುದೂ ಇರಲಿಲ್ಲ. ಕೊನೆಗೆ ಹಿಂಬದಿಯ ರಟ್ಟಿನ ಒಳಗಡೆ, ಯಾರೂ ಪಾಠಕ್ಕೆ ಸೇರಿಸದ ನಾಲ್ಕು ಸಾಲು ಸಿಕ್ಕವು. ನಿಮ್ಮ ಒಂದು ದಿನದ ಡ್ಯೂಟಿ. ಬೆಳಿಗ್ಗೆ ಆರೂ ಹತ್ತು, ಹುಬ್ಬಳ್ಳಿ ಗದಗ. ಎಂಟು, ಗದಗ ಹುಬ್ಬಳ್ಳಿ. ಮತ್ತೆ ಹತ್ತೂ ಇಪ್ಪತ್ತು, ಹುಬ್ಬಳ್ಳಿ ಗದಗ. ಹನ್ನೆರಡೂವರೆ, ಗದಗ ಹುಬ್ಬಳ್ಳಿ, ಆಮೇಲೆ ಮನಿಗೆ, ಅವ್ವನ ಗುಳಿಗಿ ತರೋದು.

ನಾನು ಅದನ್ನು ಏಳೆಂಟು ಸಲ ಓದಿದೆ. ಗದಗ ಹುಬ್ಬಳ್ಳಿ. ಹೆಸರುಗಳು ತಿರುವುಮುರುವಾಗಿದ್ದವು. ಆ ತೆಪ್ಪ ಹೋದ ದಾರಿಯಲ್ಲೇ ಹೊಳ್ಳಿ ಬರುತ್ತಿತ್ತು. ದಿನಕ್ಕೆ ಎರಡು ಸಲ, ಅದೇನು ದೊಡ್ಡ ಮಾತು ಎಂಬಂತೆ. ಬಸ್ಸು ಎಂದ ಮೇಲೆ ಹೊಳ್ಳಿ ಬರಲೇಬೇಕು, ಅದನ್ನೂ ಬರೆದಿಡಬೇಕೇ ಎಂದು ನೀವು ಬರೆದಿರಲಿಲ್ಲ. ಡ್ಯೂಟಿ ಮುಗಿಸಿ ಮನೆಗೆ ಹೋಗಿ ನಿಮ್ಮ ಅವ್ವನಿಗೆ ಗುಳಿಗೆ ಕೊಟ್ಟಿದ್ದೀರಿ. ಇಷ್ಟು ಸಣ್ಣ ವಿಷಯ ತಿಳಿಯದೆ ನಾವು ಇನ್ನೂರು ವರ್ಷ ನಮ್ಮವರನ್ನು ಗದಗಿನಲ್ಲೇ ಬಿಟ್ಟು ಬಂದೆವು.

ಅಲ್ಲೇ, ಕಾಕಾನ ಜಗಲಿಯ ಮೇಲೆ, ಯಾರ ಹೆಸರನ್ನೂ ಹೇಳದೆ ನಾನು ಇಳಿದೆ. ಮುದುಕ ಬೇಡ ಬೇಡ ಎಂದು ಕೈ ಮುಗಿದದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಗದಗ ಮುಟ್ಟಿದೆ. ಖಾಲಿ ಸೀಟುಗಳ ನಡುವೆ ನಿಂತು ಮನಸ್ಸಿನಲ್ಲೇ ಎರಡು ಸಲ ಗಂಟೆ ಬಾರಿಸಿದೆ. ನೆಲ ಅಲುಗಿತು. ಬಿಂಕದಕಟ್ಟಿ ಬಂತು, ಕಾಲಿಗೆ ಜೀವ ಬಂತು. ಹುಲಕೋಟಿ, ಅಣ್ಣಿಗೇರಿ, ನಲವಡಿ, ಶಿರಗುಪ್ಪಿ. ಹುಬ್ಬಳ್ಳಿಗೆ ಕಣ್ಣು ಬಿಟ್ಟೆ. ಬಿಸಿಲು ಇತ್ತು, ಕಾಕಾ ನನ್ನ ಮುಂದೆ ಕೂತು ಅಳುತ್ತಿದ್ದ. ನಮ್ಮ ಅವ್ವನ ನೀರಿನ ಬಟ್ಟಲು ಎತ್ತಿಕೊಂಡು ಹೋದವರಲ್ಲಿ ಅವನೂ ಒಬ್ಬ, ಆಗ ಇಪ್ಪತ್ತೆಂಟರ ತರುಣ.

ಸಿದ್ದವ್ವನಿಗೆ ನನ್ನ ದನಿ ಕೇಳಿಸದು. ಆದರೆ ಗಂಟೆ ಯಾರ ದನಿಯೂ ಅಲ್ಲ, ಇಳಿತದಲ್ಲೇ ಸೇರಿದ್ದು. ಹೋಗುವಾಗ ಕೇಳಿಸಿದ್ದು ಬರುವಾಗಲೂ ಕೇಳಿಸಲೇಬೇಕು ಎಂದುಕೊಂಡೆ. ಗದಗಿನಲ್ಲಿ ಮತ್ತೊಮ್ಮೆ ಡಬಲ್ ಬೆಲ್ ಕೊಡುವುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅವಳ ಕಿವಿಯ ಹತ್ತಿರ ಕಂಚಿನ ಬಟ್ಟಲು ಹಿಡಿದು ಎರಡು ಸಲ ಬಡಿದೆ. ಸ್ವಲ್ಪ ತಡೆದು ಒಂದು ಸಲ. ಮತ್ತೆ ಎರಡು, ಮತ್ತೆ ಒಂದು. ಬಿಂಕದಕಟ್ಟಿಯ ಹೊತ್ತಿಗೆ ಅವಳ ಹೆಬ್ಬೆರಳು ಅಲ್ಲಾಡಿತು. ಅಣ್ಣಿಗೇರಿಗೆ ಬೆರಳುಗಳು ನನ್ನ ಸೀರೆಯ ಸೆರಗು ಹಿಡಿದವು. ಊರು ಪೂರ್ತಿ ಸುತ್ತ ನೆರೆದಿತ್ತು. ಹುಬ್ಬಳ್ಳಿಗೆ ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಹಾಗೇಕೆ ಮಾಡಿದೆ ಎಂದು ನಾನು ಕೇಳಲೂ ಇಲ್ಲ.

"ಬ್ಯಾರೆ ಯಾರ ದನೀನೂ ಬ್ಯಾಡಾಗಿತ್ತಕ್ಕ ನನಗ" ಎಂದಳು.

ಅಷ್ಟು ಹೇಳಿ ಅತ್ತಳು. ಗಂಡ ಸತ್ತ ದಿನದಿಂದ ಅತ್ತೇ ಇರಲಿಲ್ಲ ಅವಳು. ಈಗ ದಿನಾ ಸಂಜೆ ತಾನೇ ಇಳಿಯುತ್ತಾಳೆ, ತಾನೇ ಹೊಳ್ಳಿ ಬರುತ್ತಾಳೆ, ಬಂದು ಒಲೆ ಹೊತ್ತಿಸುತ್ತಾಳೆ.

ಆಮೇಲೆ ನಮಗೆ ಅರ್ಥವಾದದ್ದು ಇಷ್ಟು: ಗದಗಿನಲ್ಲಿ ನಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ. ಬರಲಾಗುವುದಿಲ್ಲ ಎಂದು ನಾವೇ ನಮಗೆ, ಏಳು ವರ್ಷದ ವಯಸ್ಸಿನಿಂದ, ಅತಿ ಆಳದಲ್ಲಿ ಹೇಳಿಕೊಂಡಿದ್ದೆವು. ಅಲ್ಲಿ ಹೇಳಿಕೊಂಡದ್ದು ಬೇರೂರುತ್ತದೆ ಎಂದು ನೀವೇ ಬರೆದಿದ್ದೀರಿ. ಒಂದು ಜೀವವನ್ನು ನಲವತ್ತು ವರ್ಷದ ಹಿಂದಿನ ಮಾತಿಗೆ ಕರೆದೊಯ್ಯುವ ಶಕ್ತಿಯೇ ನನ್ನ ಅವ್ವನನ್ನು ಅಲ್ಲಿ ಕೂರಿಸಿತು. ಈ ಶಕ್ತಿಯ ಮುಂದೆ ನನಗೆ ಕೈ ಮುಗಿಯಬೇಕೆನಿಸುತ್ತದೆ, ಭಯವೂ ಆಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ, ಅಕ್ಕಾ. ಅವ್ವನ ಕಾಲದ ಹಿರಿಯರಿಗೇ ಬರೆಯಬಹುದಿತ್ತು, ಆದರೆ ಓದುವುದೇ ಅವಮಾನ ಎನ್ನುವವರು ಒಂದು ಹಾಳೆಯನ್ನು ನಂಬುವುದಿಲ್ಲ. ಕೊನೆಯ ಪುಟದಲ್ಲಿ ಬರೆಯಿರಿ: ಗದಗಿನಲ್ಲಿ ಡಬಲ್ ಬೆಲ್ ಕೊಟ್ಟರೆ ಬಸ್ಸು ಬಂದ ದಾರಿಯಲ್ಲೇ ಹುಬ್ಬಳ್ಳಿಗೆ ಹೊಳ್ಳಿ ಬರುತ್ತದೆ. ಇಷ್ಟೇ. ರಟ್ಟಿನ ಮೇಲೆ ಬೇಡ, ಪಾಠದ ಜೊತೆಗೆ, ದಪ್ಪ ಅಕ್ಷರದಲ್ಲಿ. ಆ ಹುಬ್ಬಳ್ಳಿಯ ಹೆಂಗಸು ಅದನ್ನೂ ಮಕ್ಕಳಿಗೆ ಕಲಿಸುತ್ತಾಳೆ. ಆಗ ಯಾರ ನೀರಿನ ಬಟ್ಟಲನ್ನೂ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಅಪ್ಪ ಬಿದ್ದ ದಿನ ಅವ್ವ ತಾನೇ ಕಣ್ಣು ಬಿಡುತ್ತಾಳೆ, ಸುದ್ದಿ ಕೇಳಿ ಎದೆ ಬಡಿದುಕೊಂಡು ಅಳುತ್ತಾಳೆ, ಅತ್ತು ಮುಗಿಸಿ ಸಿದ್ದವ್ವನನ್ನು ನನ್ನ ಕಂಕುಳಿನಿಂದ ಎತ್ತಿಕೊಳ್ಳುತ್ತಾಳೆ.

ಹಾಗಾದರೆ ಈ ಪತ್ರ ಬರೆಯುವುದಕ್ಕೆ ನನಗೆ ಕಾರಣವೇ ಇರುವುದಿಲ್ಲ. ನೀವು ಬರೆದು ಪೆನ್ನು ಎತ್ತುವಾಗ ಈ ಹಾಳೆ ನಿಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದು. ಇಲ್ಲವಾದರೆ ಹೆದರಬೇಡಿ. ನನ್ನ ಜಾಗದಲ್ಲಿ ಅವ್ವನ ಕೈಯಲ್ಲಿ ಬೆಳೆದ ಬಾಳವ್ವ ಇನ್ನೊಬ್ಬಳು ಇರುತ್ತಾಳೆ. ಅವಳಿಗೆ ನಾನು ಗೊತ್ತಿರುವುದಿಲ್ಲ, ನೀವು ಮಾಡಿದ ಉಪಕಾರವೂ ಗೊತ್ತಿರುವುದಿಲ್ಲ. ನೆನಪನ್ನೇ ನಂಬಿ ಅರವತ್ತೊಂದು ವರ್ಷ ಬದುಕಿದವಳು ನಾನು, ಮೊದಲ ಸಲ ನನ್ನನ್ನು ಯಾರೂ ನೆನೆಯದಿರಲಿ ಎಂದು ಬೇಡುತ್ತಿದ್ದೇನೆ. ದಯವಿಟ್ಟು ಬರೆಯಿರಿ.

ನಿಮ್ಮ
ಬಾಳವ್ವ